ಹಂದರದ ಮೇಲೆ ಹಾರಿದ ವಿಮಾನ

ನನ್ನ ಲಗ್ನದ ದಿನ ಅಜ್ಜನನ್ನು ಜೋಳದ ಚೀಲ ಇಡುವ ಕೋಣೆಯಲ್ಲಿ ಕೂಡಿಹಾಕಿದ್ದರು. ಹೊರಗಿನಿಂದ ಚಿಲಕ ಹಾಕಿದವನು ನನ್ನ ಸ್ವಂತ ಅಪ್ಪ. ಅವನಿಗೆ ಬೇರೆ ದಾರಿ ಇರಲಿಲ್ಲ ಎಂದು ಗೊತ್ತಿದ್ದರೂ ಇಂದಿಗೂ ಅವನ ಮೇಲೆ ಸಿಟ್ಟು ಬರುತ್ತದೆ.

ನಮ್ಮೂರು ದಾಳಿಂಬದಲ್ಲಿ ಹೊಲ ಮಾಡಿಕೊಂಡಿದ್ದ ಅಜ್ಜ, ಹರೆಯದಲ್ಲಿ ನಿಜಾಮರ ಕುದುರೆ ದಂಡಿನ ಮೇವು ನೋಡಿಕೊಳ್ಳಲು ಮೊದಲ ಮಹಾಯುದ್ಧಕ್ಕೆ ಮಿಸರ್, ಅಂದರೆ ಈಜಿಪ್ಟ್ ದೇಶದವರೆಗೆ ಹೋಗಿ ಬಂದಿದ್ದ. ಅಲ್ಲಿ ಕಂಡ ವೈರಿ ವಿಮಾನದ ಕಥೆಯನ್ನು ಯಾವಾಗಲೂ ಒಂದೇ ಬಗೆಯಲ್ಲಿ ಹೇಳುತ್ತಿದ್ದ.

"ಮೊದಲ ಅದು ಬರೇ ನೋಡ್ಲಾಕ ಬಂತು. ನಾವು ರುಮಾಲ ಬೀಸಿ ನಕ್ಕೇವು. ಮುಂದಿನ ವಾರ ಅದೇ ಜಹಾಜ ಬಂತು, ಹಿಂದ ಕುಂತಂವಾ ಕೈಲೇ ಬಾಂಬ್ ಒಗದಾ. ಆಮ್ಯಾಲ ಅದಕ್ಕೇ ಬಂದೂಕ ಕಟ್ಟಿ ತಂದ್ರು. ನಮ್ಮ ದೇವಣಿ ಎತ್ತ ಇದ್ದಂಗ ನೋಡು, ಗಳೇನೂ ಹೊಡಿತದ, ಬಂಡಿನೂ ಎಳಿತದ."

"ಅದು ಮೂರು ಕೆಲಸ ಕಲೀತು, ನಿಮಗ ಒಂದು ಕೆಲಸಾನೂ ಕಲಸ್ಲಾಕ ಆಗ್ಲಿಲ್ಲ ನೋಡ್ರಿ" ಎಂದು ಅಜ್ಜಿ ಚಾಷ್ಟಿ ಮಾಡುತ್ತಿದ್ದಳು. ನಿಜಾಮರ ಮೇಲೆ ನಡೆದ ನಲವತ್ತೆಂಟರ ಪೊಲೀಸ್ ಆ್ಯಕ್ಷನ್ನಿನಲ್ಲಿ ನಮ್ಮ ತಲೆಯ ಮೇಲೆಯೇ ವಿಮಾನಗಳು ಹಾದುಹೋದ ಮೇಲೆ ಅಜ್ಜ ಕಥೆ ಹೇಳುವುದನ್ನೇ ಬಿಟ್ಟ.

ಅದಾಗಿ ಕೆಲವು ವರ್ಷಕ್ಕೆ ನನ್ನ ಲಗ್ನ. ಬೀಗರು ನಿಲಂಗಾದ ಜವಳಿ ವ್ಯಾಪಾರಿಗಳು. ಅಂಗಳದ ತುಂಬ ಕಟ್ಟಿದ ಬಿಳಿ ಹಂದರದ ಬಟ್ಟೆಯನ್ನು ಅವರೇ ತಮ್ಮ ಅಂಗಡಿಯಿಂದ ಕಳಿಸಿದ್ದರು. ದಿಬ್ಬಣ ಬಂದು ಇಳಿದಿತ್ತಷ್ಟೇ, ಉಮರ್ಗಾದ ಕಡೆಯಿಂದ ಒಂದು ವಿಮಾನ ಕೆಳಗೆ ಕೆಳಗೇ ಹಾರಿ ಬಂತು. ಮಕ್ಕಳು ಓಡಿ ಕೈ ಬೀಸಿದರು.

"ಹಂದರದ ಬಿಳೀ ಅರಬಿ ಮ್ಯಾಲಿಂದ ಕಾಣ್ತದ, ತಗೀರಿ" ಎನ್ನುತ್ತ ಅಜ್ಜ ಕುಡಗೋಲಿನಿಂದ ಹಗ್ಗ ಕೊಯ್ದ. ಹಂದರ ಬೀಗರ ತಲೆಯ ಮೇಲೆ ಕುಸಿಯಿತು. ಅಜ್ಜ ನನ್ನನ್ನು ಗೋಡೆಗೆ ಒತ್ತಿ ತನ್ನ ಮೈ ಅಡ್ಡ ಮಾಡಿದ.

"ಅಲ್ಲಿ ಮಿಸರದಾಗ ಗುಂಜೋಟಿ ಊರಿನ ಹುಡುಗ ನನ್ನ ಬಾಜೂಕೇ ನಿಂತಿದ್ದ" ಎಂದ ನನ್ನ ಕಿವಿಯಲ್ಲಿ. "ಬಂದೂಕ ಕಟ್ಟಿ ತಂದ ಮೂರನೇ ಸಲನೂ ರುಮಾಲ ಬೀಸ್ದಾ. ಬ್ಯಾಡ ಅಂತ ನಾ ಕೈ ಹಿಡೀಲಿಲ್ಲ."

ಅಷ್ಟು ಸಲ ಕೇಳಿದ ಕಥೆಯಲ್ಲಿ ಈ ಹುಡುಗ ಎಂದೂ ಇರಲಿಲ್ಲ. ನನಗೆ ಅಳು ಬಂತು.

ವಿಮಾನ ಹೋಯಿತು. ಅದು ನಕ್ಷೆ ಮಾಡಲು ನೆಲದ ಫೋಟೊ ತೆಗೆಯುವ ಸರ್ಕಾರಿ ವಿಮಾನ ಎಂದು ಶಾಲೆಯ ಮಾಸ್ತರರು ಹೇಳಿದರು. ಮಾವನವರಿಗೆ ಅದು ಬೇಕಾಗಿರಲಿಲ್ಲ.

"ಲಗ್ನದ ಹಂದರ ಕೊಯ್ದ ಕೈ ಅಕ್ಕಿಕಾಳು ಹಾಕೂದು ಬ್ಯಾಡ್ರಿ. ಮುದುಕರನ್ನ ಒಳಗ ಕೂಡಿಸ್ರಿ, ಇಲ್ಲಾಂದ್ರ ನಾವು ಬಂಡಿ ಹೂಡ್ತೀವಿ" ಎಂದರು.

ಮನೆಗೆ ಹಿರಿಯನಾದ ಅಜ್ಜನದೇ ಮೊದಲ ಅಕ್ಕಿಕಾಳು ಆಗಬೇಕಿತ್ತು. ಆದರೆ ಬಾಸಿಂಗ ಕಟ್ಟಿದ ಹುಡುಗಿಯನ್ನು ಬಿಟ್ಟು ದಿಬ್ಬಣ ತಿರುಗಿದರೆ ಆಕೆಯನ್ನು ಮತ್ತೆ ಯಾರು ಕೇಳುತ್ತಾರೆ? ಅಪ್ಪ ತಲೆ ತಗ್ಗಿಸಿಕೊಂಡು ಅಜ್ಜನ ರಟ್ಟೆ ಹಿಡಿದು ಒಳಗೆ ಕರೆದೊಯ್ದ.

ಹಂದರ ಮತ್ತೆ ಎದ್ದಿತು. ಅಯ್ಯನವರು ಮಂತ್ರ ಹೇಳಿದರು. ಜನ ಅಕ್ಕಿಕಾಳು ಎತ್ತುವಷ್ಟರಲ್ಲಿ ಅದೇ ಸದ್ದು ಮರಳಿ ಬಂತು. ಎಲ್ಲರೂ ಹಂದರದ ಅಂಚಿಗೆ ಸರಿದು ಮೇಲೆ ನೋಡಿದರು, ಈ ಸಲ ದೊಡ್ಡವರೂ ನಗುತ್ತ ರುಮಾಲು ಬೀಸಿದರು. ಕೋಣೆಯ ಬಾಗಿಲನ್ನು ಅಜ್ಜ ಒಳಗಿನಿಂದ ಗುದ್ದುತ್ತಿದ್ದ.

"ಕೈ ಬೀಸಬ್ಯಾಡ್ರೋ."

ಯಾರೂ ಅತ್ತ ತಿರುಗಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಮದುಮಗನೂ ಹಂದರದ ಸಂದಿಯಲ್ಲಿ ಮೇಲೆ ನೋಡಿ ಕೈ ಎತ್ತಿದ. ಅದುವರೆಗೆ ನಾನು ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆ ಕೈಯನ್ನು ಹಿಡಿದು ಕೆಳಗೆ ಎಳೆದೆ, ಸದ್ದು ದೂರವಾಗುವವರೆಗೆ ಬಿಡಲಿಲ್ಲ.