ತಲೆನೋವಿಲ್ಲದ ಮಾವ

ಹೃದಯದ ಸ್ಕ್ಯಾನ್ ವಿಭಾಗದ ಬಾಗಿಲಲ್ಲಿ ಹನ್ನೆರಡು ವರ್ಷಗಳಿಂದ ಕೂರುವ ಆ ಅಟೆಂಡರನಿಗೆ ಮುಖ್ಯ ಕೆಲಸ ಒಂದೇ. ಒಳಗೆ ಹೋಗುವವರು ಹಿಂದಿನ ಇಪ್ಪತ್ನಾಲ್ಕು ಗಂಟೆ ಕಾಫಿ, ಟೀ ಮುಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು ಚೀಟಿಗೆ ಗುರುತು ಹಾಕುವುದು. ಕೇಳಿದರೆ ಎಲ್ಲರೂ "ಇಲ್ಲ" ಎನ್ನುತ್ತಾರೆ. ಆಣೆ ಇಡುವವರ ಮೀಸೆಯ ತುದಿಯಲ್ಲೇ ನೊರೆ ಒಣಗಿರುತ್ತದೆ. ಹಾಗಾಗಿ ಅವನು ಕಾಫಿಯ ಸುದ್ದಿಯನ್ನು ನೇರವಾಗಿ ಎತ್ತುತ್ತಿರಲಿಲ್ಲ. ದಿನಕ್ಕೆ ಎಷ್ಟು ಲೋಟದ ರೂಢಿ ಎಂದು ಕೇಳಿಕೊಂಡು, "ತಲೆ ನೋಯ್ತಿದೆಯಾ?" ಎನ್ನುತ್ತಿದ್ದ.

ಈ ಉಪಾಯ ಹೊಳೆದದ್ದು ಆ ವಿಭಾಗದ ಡಾಕ್ಟರಮ್ಮ ಒಮ್ಮೆ ಹೇಳಿದ ಮಾತಿನಿಂದ. ಮಿದುಳು ದುಡಿಯುತ್ತಾ ಎಟಿಪಿ ಎಂಬ ಇಂಧನವನ್ನು ಉರಿಸಿದಷ್ಟೂ ಅಡೆನೋಸಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ಅದು ತನಗೆಂದೇ ಹಾಕಿರುವ ಕುರ್ಚಿಗಳಲ್ಲಿ ಕೂತು, "ಸಾಕು, ಮಲಗು" ಎನ್ನುತ್ತದೆ. ಕಾಫಿ ಕುಡಿದರೆ ಅದರೊಳಗಿನ ಕೆಫೀನ್ ಮೊದಲೇ ಬಂದು ಆ ಕುರ್ಚಿಗಳನ್ನು ಹಿಡಿದುಬಿಡುತ್ತದೆ, ನಿದ್ದೆ ಓಡಿಹೋಗುತ್ತದೆ. ದಿನಾ ಕುಡಿಯುವವರ ಮಿದುಳು ಇನ್ನಷ್ಟು ಕುರ್ಚಿ ಹಾಕಿಸುತ್ತದೆ. ಒಂದು ದಿನ ಕಾಫಿ ತಪ್ಪಿತೋ, ಅಷ್ಟೂ ಕುರ್ಚಿಗಳಲ್ಲಿ ಅಡೆನೋಸಿನ್ ಕಾಲು ಚಾಚಿ ಕೂರುತ್ತದೆ. ತಲೆ ಸಿಡಿಯುತ್ತದೆ, ಆಕಳಿಕೆ ಬರುತ್ತದೆ, ಕಂಡವರ ಮೇಲೆಲ್ಲ ಸಿಟ್ಟು ಬರುತ್ತದೆ.

ಸ್ಕ್ಯಾನಿನಲ್ಲಿ ಚುಚ್ಚುವುದೂ ಅಡೆನೋಸಿನ್ನನ್ನೇ. ಅದು ಹೃದಯದ ನಾಳಗಳನ್ನು ಹಿಗ್ಗಿಸುತ್ತದೆ. ಕಟ್ಟಿಕೊಂಡ ನಾಳ ಮಾತ್ರ ಹಿಗ್ಗಲಾರದೆ ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಅಲ್ಲೂ ಕೆಫೀನ್ ಕುರ್ಚಿ ಹಿಡಿದಿದ್ದರೆ ಯಾವ ನಾಳವೂ ಸರಿಯಾಗಿ ಹಿಗ್ಗುವುದಿಲ್ಲ. ರೋಗಿಗೆ "ಎಲ್ಲ ಸರಿ ಇದೆ" ಎಂಬ ಸುಳ್ಳು ರಿಪೋರ್ಟು ಸಿಗಬಹುದು. ಆದ್ದರಿಂದ ಮುಖ ಗಂಟಿಕ್ಕಿಕೊಂಡು ಬಂದವರಿಗೆ ಒಳಗಿನ ದಾರಿ, ನಗುನಗುತ್ತಾ ಬಂದವರಿಗೆ ಮನೆಯ ದಾರಿ.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಮಾವನೇ ಸಾಲಿನಲ್ಲಿ ಬಂದರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ದಿನಕ್ಕೆ ಆರು ಲೋಟ ಕಾಫಿ. ಈಚೆಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಜೊತೆಯಲ್ಲಿ ಮಗಳು, ಅಂದರೆ ಅಟೆಂಡರನ ಹೆಂಡತಿ. ಮಾವ ಶಿಳ್ಳೆ ಹಾಕುತ್ತಿದ್ದರು.

"ಏನ್ ಅಳಿಯಂದ್ರೇ, ಕಾಫಿ ಪೊಲೀಸ್ ಡ್ಯೂಟಿ ಜೋರಾ?"

"ಮಾವ, ತಲೆ ನೋಯ್ತಿದೆಯಾ?"

"ಯಾಕ್ ನೋಯ್ಬೇಕು? ಹೂವಿನ ಹಾಗಿದೆ!"

ಅಳಿಯ ಚೀಟಿಯನ್ನು ಪಕ್ಕಕ್ಕಿಟ್ಟ. "ಕಾಫಿ ಬಿಟ್ಟು ಎಷ್ಟ್ ಹೊತ್ತಾಯ್ತು?"

"ನಿನ್ನೆ ಬೆಳಿಗ್ಗೆ ಆರಕ್ಕೆ ಕೊನೇ ಲೋಟ. ಇಪ್ಪತ್ತೇಳು ಗಂಟೆ. ಕೈದಿ ಹಾಗೆ ಎಣಿಸ್ಕೊಂಡ್ ಕೂತಿದ್ದೀನಿ."

"ತಲೆ ನೋಯ್ತಿಲ್ಲ ಅಂದ್ರೆ ಇವತ್ತು ಬೇಡ ಮಾವ. ಇನ್ನೊಂದು ದಿನ ಮಾಡಿಸೋಣ."

ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾವನ ಶಿಳ್ಳೆ ನಿಂತಿತು. "ಅಂದ್ರೆ ನಾನು ಸುಳ್ಳು ಹೇಳ್ತಿದ್ದೀನಾ? ಮೂವತ್ತು ವರ್ಷ ಟಿಕೆಟ್ ಇಲ್ದೋರನ್ನ ಮುಖ ನೋಡೇ ಹಿಡಿದೋನು ನಾನು!"

"ನಾನೂ ಮುಖ ನೋಡೇ ಹೇಳ್ತಿರೋದು ಮಾವ."

"ರೀ," ಎಂದಳು ಹೆಂಡತಿ, ಹಲ್ಲು ಕಚ್ಚಿ. "ಕಾಫಿಪುಡಿ ಡಬ್ಬ ಬೀರುವಿನಲ್ಲಿಟ್ಟು ನಾನೇ ಬೀಗ ಹಾಕಿದ್ದೀನಿ. ಅಪ್ಪನ್ನ ವಾಪಸ್ ಕಳಿಸಿದ್ರೆ ಸಂಜೆ ನೀವೂ ಮನೆಗೆ ಬರ್ಬೇಡಿ."

"ಮಾವನ್ನಾದ್ರೂ ಬಿಡಪ್ಪಾ ಒಳಗೆ," ಎಂದಿತು ಸಾಲಿನ ಹಿಂದಿನಿಂದ ಒಂದು ಅಜ್ಜಿ.

ಅವನು ಪೆನ್ನು ತೆಗೆದ. ಒಂದು ಗೀಟು ಎಳೆದರೆ ಮನೆಯಲ್ಲಿ ಶಾಂತಿ. ಆದರೆ ರಿಪೋರ್ಟು ಸುಳ್ಳು ಹೇಳಿದರೆ ಮಾವ ಅದನ್ನು ನಂಬಿ ಮತ್ತೆ ಅದೇ ಮೆಟ್ಟಿಲು ಹತ್ತುತ್ತಾರೆ. ಕೈ ಮುಂದೆ ಹೋಗಲಿಲ್ಲ.

"ನಿನ್ನೆಯಿಂದ ಒಂದ್ ಸಲಾನೂ ನೋಯ್ಲಿಲ್ವಾ ಮಾವ?"

"ನೋಯ್ದೆ ಇರುತ್ತಾ? ಬೆಳಿಗ್ಗೆ ಏಳೋ ಹೊತ್ತಿಗೆ ತಲೇಲಿ ಕಲ್ಲು ಕುಟ್ಟೋ ಹಾಗಿತ್ತು. ಎರಡು ಮಾತ್ರೆ ನುಂಗಿದೆ, ಹಾರಿಹೋಯ್ತು." ಮಾವ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಹೆಮ್ಮೆಯಿಂದ ತೋರಿಸಿದರು. "ಇದೊಂದೇ ನೋಡಿ ನನಗೆ ಹಿಡಿಯೋದು. ಬೇರೆ ಯಾವುದೂ ನಾಟಲ್ಲ."

ಅಟೆಂಡರ್ ಪಟ್ಟಿಯ ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನೋವಿನ ಔಷಧಿಯ ಹೆಸರಿನ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೊಂದು ಹೆಸರಿತ್ತು.

"ಕೆಫೀನ್," ಎಂದು ಓದಿದ. "ನೀವು ಲೋಟ ಬಿಟ್ಟಿರೋದು ನಿಜ ಮಾವ. ಕಾಫಿ ಬಿಟ್ಟಿಲ್ಲ."

"ಯಾವಾಗ ನುಂಗಿದ್ರಪ್ಪಾ?" ಮಗಳು ಕಣ್ಣು ಬಿಟ್ಟಳು.

"ನೀನು ಬೀರು ಮುಂದೆ ಕಾವಲು ನಿಂತಿದ್ದೆಯಲ್ಲ, ಆವಾಗ."

ಮಾವ ಪಟ್ಟಿಯನ್ನು ಕಿತ್ತುಕೊಂಡು ಕನ್ನಡಕ ಏರಿಸಿ ಓದಿದರು. ಹಿಂದೆಮುಂದೆ ತಿರುಗಿಸಿದರು. ಅಜ್ಜಿ ಕಿಸಕ್ಕನೆ ನಕ್ಕಿತು. ಮಾವ ಯಾರಿಗೂ ಹೇಳದೆ ಸೀದಾ ಲಿಫ್ಟಿನ ಕಡೆ ನಡೆದರು.

ಗುರುವಾರ ಮತ್ತೆ ಬಂದಾಗ ಅವರನ್ನು ನೋಡುವಂತಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ. ಬಸ್ಸಿನವನಿಗೆ ಬೈದು, ಲಿಫ್ಟಿಗೆ ಬೈದು, ಕೂರುವ ಮೊದಲೇ ಕುರ್ಚಿಗೂ ಬೈದರು. "ಏನ್ ಹಲ್ ಕಿರಿತೀರಿ? ಬೇಗ ಗೀಚಿ ಬಿಸಾಕ್ರೀ!" ಎಂದು ಅಳಿಯನ ಮೇಲೂ ಹರಿಹಾಯ್ದರು. ಅವನಿಗೆ ಆ ಬೈಗುಳ ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ಏನೂ ಕೇಳದೆ ಗುರುತು ಹಾಕಿದ.

ಸೂಜಿಯಿಂದ ಔಷಧಿ ಏರಿದ ನಾಲ್ಕು ನಿಮಿಷ ಮುಖ ಕೆಂಪೇರಿ, ಎದೆ ಭಾರವಾಗಿ, "ಸತ್ತೆ ಕಣಮ್ಮಾ" ಎಂದು ನರ್ಸಿಗೆ ಮೂರು ಸಲ ಹೇಳಿದರಂತೆ. ಹೊರಗೆ ಬಂದ ಮೇಲೆ ಡಾಕ್ಟರಮ್ಮನೇ ಕಾಫಿ ಕೊಡಿಸಿದರು.

ಮಧ್ಯಾಹ್ನ ರಿಪೋರ್ಟು ಬಂತು. ಹೃದಯದ ಚಿತ್ರದಲ್ಲಿ ರಕ್ತ ಸರಿಯಾಗಿ ತಲುಪದ ಒಂದು ಮೂಲೆ ಮಸಿ ಮೆತ್ತಿದಂತೆ ಕಪ್ಪಾಗಿತ್ತು. ಒಂದು ನಾಳ ದಾರದಷ್ಟಾಗಿರಬೇಕು, ಮುಂದಿನ ವಾರವೇ ಬಿಡಿಸಬೇಕು, ಬಿಡಿಸಿದರೆ ಭಯವಿಲ್ಲ ಎಂದರು ಡಾಕ್ಟರಮ್ಮ. "ಮೊನ್ನೆ ಮಾಡಿದ್ರೆ ಇದು ಕಾಣ್ತಾನೇ ಇರ್ಲಿಲ್ವೋ ಏನೋ."

ಮಾವ ಕನ್ನಡಕ ಏರಿಸಿ ಆ ಕಪ್ಪಿನ ಮೇಲೆ ಬೆರಳಿಟ್ಟು ನೋಡಿದರು. ಮಗಳು ಗಂಡನ ಕಡೆ ತಿರುಗಿ, "ಸಂಜೆ ಬೇಗ ಬನ್ನಿ," ಎಂದಳು, ತಗ್ಗಿದ ದನಿಯಲ್ಲಿ.

ಅಷ್ಟರಲ್ಲಿ ಸಾಲಿಗೆ ದಪ್ಪ ಮೀಸೆಯವನೊಬ್ಬ ಹಾಡು ಗುನುಗುತ್ತಾ ಬಂದ. ಅಟೆಂಡರ್ ಬಾಯಿ ತೆರೆಯುವ ಮೊದಲೇ ಮಾವ ಎದ್ದು ಅಡ್ಡ ನಿಂತರು.

"ಏನ್ರೀ, ಭಾರೀ ಖುಷಿಲಿದ್ದೀರಿ! ಮೊದ್ಲು ಜೇಬಲ್ಲೇನಿದೆ, ಹೊರಗೆ ತೆಗೀರಿ ನೋಡೋಣ."