ದೊಡ್ಡಮ್ಮನ ಮಡಚುವ ಚಾಕು

ಪಕ್ಕದ ಮನೆಯ ದೊಡ್ಡಮ್ಮನ ಸೊಂಟದಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ಕೆಲಸವಿಲ್ಲದಾಗಲೂ ತೆರೆದು ಮುಚ್ಚಿ, ಆ 'ಟಕ್' ಶಬ್ದಕ್ಕೆ ಹಿಗ್ಗುತ್ತಿದ್ದರು. ಯಾರು ಏನು ಕೊಯ್ಯಹೊರಟರೂ "ಕೊಡೇ ಇಲ್ಲಿ" ಎಂದು ಕೈಚಾಚುತ್ತಿದ್ದರು.

ಒಮ್ಮೆ ಶಿಕಾರಿಪುರದಿಂದ ಸೊರಬಕ್ಕೆ ದಿಬ್ಬಣದ ಬಸ್ಸಿನಲ್ಲಿ ಹೊರಟಿದ್ದೆವು. ಮದುಮಗಳ ಧಾರೆ ಸೀರೆಯ ಸೆರಗು ಬಾಗಿಲಿನ ಕೀಲಿನಲ್ಲಿ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ, ಅವಳು ಅಳತೊಡಗಿದಳು.

"ಚಾಕು ಐತಲ್ಲಮ್ಮಾ, ಕೊಯ್ದುಬಿಡ್ರಿ," ಎಂದ ಕಂಡಕ್ಟರ್.

"ನಿನ್ನ ಹೆಂಡ್ತಿ ಸೀರೆ ಆಗಿದ್ರೆ ಕೊಯ್ತಿದ್ಯೇನೋ?"

ದೊಡ್ಡಮ್ಮ ಅಲಗನ್ನು ಮುಟ್ಟಲಿಲ್ಲ. ಚಾಕುವಿನಲ್ಲೇ ಇದ್ದ ಮೊಂಡು ಪಟ್ಟಿಯನ್ನು ಬಿಡಿಸಿ, ಕೀಲಿನ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದರು. ಸೆರಗು ಎಳೆಯೂ ಹರಿಯದೆ ಬಂತು. ಮದುಮಗಳು ಅಳುತ್ತಲೇ ನಕ್ಕಳು.

ಬಾಗಿಲು ಮಾತ್ರ ಮತ್ತೆ ಕೂರಲಿಲ್ಲ. ಸೊರಬದವರೆಗೂ ಕಂಡಕ್ಟರ್ ಅದನ್ನು ತಬ್ಬಿಕೊಂಡೇ ಬಂದ. ಆರತಿ ಹಿಡಿದು ನಿಂತಿದ್ದ ಬೀಗರ ಮುಂದೆ ಮೊದಲು ಇಳಿದದ್ದು ಅವನೇ.