ಇಲಿಗಳಿಲ್ಲದ ಮನೆಯ ಇಲಿ ಜ್ವರ

ಕಣ್ಣು ಮುಚ್ಚಿ ಮುಖ ತೊಳೆಯುವಾಗ ಯಾರಾದರೂ ಬೀಳುತ್ತಾರೆಯೇ? ನಮ್ಮ ನೀಲವ್ವತ್ತಿ ಬಿದ್ದಳು. ಒಂದಲ್ಲ, ಮೂರು ಸಲ. ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದರೆ ಸಾಕು, ಮೈ ವಾಲುತ್ತಿತ್ತು. ಮೂರನೇ ಸಲ ಹಂಡೆಗೆ ಹಣೆ ಬಡಿಯಿತು.

ನೀಲವ್ವತ್ತಿ ನನ್ನ ಅಪ್ಪನ ತಂಗಿ. ವಯಸ್ಸು ಅರವತ್ತೆಂಟು. ಖಾನಾಪುರದಲ್ಲಿ ಮೈದುನನ ಮಗ ಶಿವಾನಂದನ ಸಂಸಾರದ ಜೊತೆ ಇದ್ದಾಳೆ. ಅವಳ ಗಂಡ, ನಮ್ಮ ಮಾವ, ತೀರಿಕೊಂಡು ಹನ್ನೆರಡು ವರ್ಷವಾಯಿತು. ಹಂಚಿನ ವ್ಯಾಪಾರಿ, ಊರಿನ ಪಂಚ, ಕಂಡರೆ ನಾಲ್ಕು ಜನ ಎದ್ದು ನಿಲ್ಲುತ್ತಿದ್ದ ಮನುಷ್ಯ. ಹಾಲ್‌ನಲ್ಲಿ ಅವರ ಫೋಟೋಕ್ಕೆ ಇವತ್ತಿಗೂ ಮಾಲೆ ತಪ್ಪಿಲ್ಲ.

ಅತ್ತಿ ಬೀಳತೊಡಗಿದಾಗ ನಮ್ಮವರು ಸುಮ್ಮನೆ ಕೂತರೇ? ಇಲ್ಲ. ಒಬ್ಬರು ವಾತ ಎಂದರು, ಎಣ್ಣೆ ಬಂತು. ಇನ್ನೊಬ್ಬರು ಬಚ್ಚಲದ ದಿಕ್ಕು ಸರಿಯಿಲ್ಲ ಎಂದರು, ಗೋಡೆ ಒಡೆದು ಬಾಗಿಲು ತಿರುಗಿಸಿದ್ದಾಯಿತು. ಅತ್ತಿ ಹೊಸ ದಿಕ್ಕಿಗೆ ಬಿದ್ದಳು. ಆಮೇಲೆ ನನಗೆ ಫೋನ್ ಬಂತು. (ಬೆಳಗಾವಿಯಲ್ಲಿರುವ ನೆಂಟರ ನೆನಪಾಗುವುದು ಯಾವಾಗಲೂ ಬಾಗಿಲು ತಿರುಗಿಸಿದ ಮೇಲೆಯೇ.)

ಬೆಳಗಾವಿಯ ನರದ ಡಾಕ್ಟರರು ಅತ್ತಿಯನ್ನು ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ವಾಲಿದಳು. ಟಾರ್ಚ್ ಹಿಡಿದು ಕಣ್ಣು ನೋಡಿದರು. ಕಾಲಲ್ಲಿ ಛಳಕು ಹೊಡೆದಂತೆ ನೋವು ಬರುತ್ತದೆಯೇ ಎಂದು ಕೇಳಿದರು. ಇಪ್ಪತ್ತು ವರ್ಷದಿಂದ ಬರುತ್ತದೆ ಎಂದಳು. ಕೊನೆಗೆ ಕೇಳಿದರು: "ಮಕ್ಕಳೆಷ್ಟ್ರಿ ಅಮ್ಮಾರ?"

"ಮೂರು ಸಲ ನಿಂತಿತ್ರಿ. ಒಂದೂ ಉಳೀಲಿಲ್ಲ," ಅಂದಳು ಅತ್ತಿ. ಡಾಕ್ಟರರು ಅದನ್ನು ಬರೆದುಕೊಂಡರು.

ರಕ್ತದ ಪರೀಕ್ಷೆಯಾಯಿತು, ಬೆನ್ನುನೀರಿನ ಪರೀಕ್ಷೆಯಾಯಿತು. ನನ್ನನ್ನೂ ಶಿವಾನಂದನನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಸಿಫಿಲಿಸ್. ನಮ್ಮ ಹಿರಿಯರು ಇದನ್ನು ಪರಂಗಿ ರೋಗ ಎಂದು ಕರೆದಿದ್ದರು. ತಪ್ಪು ಪರದೇಶಿಯವನದೆಂದು ಹೆಸರಿನಲ್ಲೇ ಬರೆದಿಟ್ಟು ನಿಶ್ಚಿಂತರಾಗಿದ್ದರು. ಮದುವೆಯಾದ ಹೊಸತರಲ್ಲಿ ಒಳಗೆ ಹೊಕ್ಕಿದ್ದು, ದಶಕಗಟ್ಟಲೆ ಸದ್ದಿಲ್ಲದೆ ಕೂತು, ಬೆನ್ನಿನ ನರ ತಿಂದಿದೆ. "ಇಲಿ ಜ್ವರದ ಜಂತು ಕೇಳೀರಲ್ರಿ? ಅದೂ ಇದೂ ಒಂದ ಕುಲದವು. ಸ್ಕ್ರೂ ಇದ್ದಂಗ ಇರ್ತಾವು," ಎಂದರು ಡಾಕ್ಟರರು. "ಹದಿನಾಲ್ಕು ದಿನ ದವಾಖಾನ್ಯಾಗ ಇಟ್ಟು ಪೆನ್ಸಿಲಿನ್ ಕೊಡೂಣು. ಹೋದ ನರ ಹೊಳ್ಳಿ ಬರಂಗಿಲ್ಲ. ಮುಂದ ಹೋಗೂದು ನಿಲ್ತೈತಿ. ಪೇಶಂಟ್‌ಗೆ ನಾ ಹೇಳ್ಲೋ, ನೀವು ಹೇಳ್ತೀರೋ?"

"ನಾವು ಹೇಳ್ತೀವ್ರಿ," ಎಂದೆ. ದೊಡ್ಡ ಧೈರ್ಯಸ್ಥನ ಹಾಗೆ.

ಹಿಂದವಾಡಿಯ ನಮ್ಮ ವಾಕಿಂಗ್ ಗುಂಪಿನಲ್ಲಿ ಶುಗರ್ ಎಷ್ಟೆಂದು ಕ್ರಿಕೆಟ್ ಸ್ಕೋರಿನಂತೆ ಹೇಳಿಕೊಳ್ಳುತ್ತೇವೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಗುಂಪಿನಲ್ಲಿ ವಿಶೇಷ ಮರ್ಯಾದೆ. ರೋಗಗಳಲ್ಲೂ ಸೋಫಾ ಮೇಲೆ ಕೂಡುವವು ಬೇರೆ, ಹಿತ್ತಲ ಬಾಗಿಲಿಂದ ಬರುವವು ಬೇರೆ. ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ, ಕಾಯಿಲೆ ಮುಚ್ಚಿಡಬೇಡಿ ಎಂದು ನಿಮಗೆ ಬುದ್ಧಿ ಹೇಳಿದವನು ನಾನೇ. (ಕೆಲವರು ಫೋನ್ ಮಾಡಿ ಹೊಗಳಿದ್ದಿರಿ. ಆ ಹೊಗಳಿಕೆಯನ್ನು ವಾಪಸ್ ತೆಗೆದುಕೊಳ್ಳಬಹುದು.)

ಹೊರಗೆ ಬಂದ ಕೂಡಲೇ ಶಿವಾನಂದ ನನ್ನ ತೋಳು ಹಿಡಿದ. "ಅಣ್ಣಾ, ದೊಡ್ಡಪ್ಪನ ಹೆಸರು ಏನಾಗಬೇಕು? ಇಲಿ ಜ್ವರ ಅಂತ ಹೇಳಿಬಿಡೂಣು. ಡಾಕ್ಟರೇ ಒಂದ ಕುಲ ಅಂದ್ರಲ್ಲ."

ಸುಳ್ಳಿಗೂ ಡಾಕ್ಟರ್ ಸರ್ಟಿಫಿಕೇಟ್ ಸಿಕ್ಕಂತಾಯಿತು. ಖಾನಾಪುರದ ಸುತ್ತ ಭತ್ತದ ಗದ್ದೆ, ಗದ್ದೆಯಲ್ಲಿ ನೀರು, ನೀರಲ್ಲಿ ಇಲಿ. ಯಾರು ಅನುಮಾನಪಡುತ್ತಾರೆ? ನಾನು ಹೂಂ ಅಂದೆ. ಅತ್ತಿಗೆ ಹೇಳಿದವನೂ ನಾನೇ.

ಯಾರೂ ಅನುಮಾನಪಡಲಿಲ್ಲ. ಮರುದಿನವೇ ಎಳನೀರು ಹಿಡಿದು ನೆಂಟರು ಆಸ್ಪತ್ರೆಗೆ ಬಂದರು. ಮನೆಯಲ್ಲಿ ಒಂದು ಬೆಕ್ಕಾದರೂ ಸಾಕಬಾರದೇ ಎಂದರು. ಬಾಜು ಮನೆಯ ಮರಾಠಿ ವಹಿನಿ ಶಿವಾನಂದನ ಹೆಂಡತಿಗೆ ಎರಡು ಇಲಿ ಬೋನು ಕೊಟ್ಟು ಕಳಿಸಿದರು. ಎಲ್ಲರಿಗೂ ಅತ್ತಿಯ ಮೇಲೆ ಕನಿಕರ. ಅತ್ತಿಗೆ ಮಾತ್ರ ಮೈಯೆಲ್ಲ ಉರಿ.

"ಐವತ್ತು ವರ್ಷ ಆತು ಆ ಮನಿ ಸಾರಿಸಿ ಒರಸಾಕತ್ತು. ಒಂದ ಇಲಿ ಹಿಕ್ಕಿ ತೋರಸ್ಲಿ ಯಾರರೆ. ನನ್ನ ಮನ್ಯಾಗ ಇಲಿ ಅಂತ ಊರೆಲ್ಲಾ ಹೇಳ್ಕೊಂತ ಅಡ್ಡಾಡಾಕತ್ತೀರೇನು?"

ಅವಳ ಮಾನ ಉಳಿಸಲು ಹೇಳಿದ ಸುಳ್ಳು ಅವಳ ಮಾನವನ್ನೇ ತೆಗೆದಿತ್ತು. ಆದರೆ ನಿಜ ಹೇಳಿ, ನಾವು ಉಳಿಸಲು ಹೊರಟಿದ್ದು ಅವಳ ಮಾನವನ್ನೇ? ಮಾಲೆ ಹಾಕಿಸಿಕೊಂಡು ಹಾಲ್‌ನಲ್ಲಿ ಕೂತವರದನ್ನು.

ಮೂರು ಬಸಿರು ಉಳಿಯದೆ ಹೋದ ಮೇಲೆ ಅತ್ತಿಯನ್ನು ಯಾರೂ ಕುಬಸಕ್ಕೆ ಕರೆಯಲಿಲ್ಲ. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವಾಗ ಅವಳು ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ಮಗುವನ್ನು ತೊಟ್ಟಿಲಿಗೆ ಹಾಕುವಾಗಲೂ ಅಷ್ಟೇ. ನಮ್ಮ ಮನೆತನದ ಎಷ್ಟು ಕುಬಸಗಳಲ್ಲಿ ಆ ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದಿದ್ದೇನೆ ನಾನು. 'ನೀಲವ್ವನ ಕೈ ರುಚಿ ಛಲೋ, ಹೊಟ್ಟಿ ಛಲೋ ಇಲ್ಲ' ಎಂದು ನನ್ನ ಅಜ್ಜಿಯೇ ಅನ್ನುತ್ತಿದ್ದಳು. ಎರಡನೇ ಮದುವೆ ಮಾಡಿಕೊಳ್ಳಲಿಲ್ಲವೆಂದು ಮಾವನನ್ನು ದೇವರಂಥ ಮನುಷ್ಯ ಎಂದರು. ಅವರು ಬೇಡವೆನ್ನದೆ ಆ ಹೊಗಳಿಕೆಯನ್ನು ಸ್ವೀಕರಿಸಿದರು. ಆ ಮೂರೂ ಬಸಿರು ತೆಗೆದದ್ದು ಅವರೇ ತಂದ ರೋಗ.

ಹತ್ತನೇ ದಿನ ಮಧ್ಯಾಹ್ನ ಬುತ್ತಿ ಹಿಡಿದು ಆಸ್ಪತ್ರೆಗೆ ಹೋದೆ. ಅತ್ತಿ ಗೋಡೆಗೆ ಒರಗಿ ಕೂತಿದ್ದಳು. ನಾನು ಡಬ್ಬಿ ಬಿಚ್ಚುವ ಮೊದಲೇ ಶುರುಮಾಡಿದಳು.

"ಮುಂಜಾನೆ ಡಾಕ್ಟರ್‌ನ ಕೇಳಿದ್ನಿ. ಇಲಿ ಜ್ವರಕ್ಕ ಮಕ್ಕಳೆಷ್ಟು ಅಂತ ಯಾಕ ಕೇಳಿದ್ರಿ ಅಂದ್ನಿ. ಎಲ್ಲಾ ಹೇಳಿದ್ರು."

ನಾವು ಹತ್ತು ದಿನ ಮುಚ್ಚಿಡಲು ಹೆಣಗಿದ್ದನ್ನು ಹೇಳಲು ಡಾಕ್ಟರಿಗೆ ಐದು ನಿಮಿಷ ಸಾಕಾಗಿತ್ತು. ತಲೆ ತಗ್ಗಿಸಿದೆ. ತಪ್ಪಾಯಿತು ಅತ್ತಿ ಎಂದೆ. ಅವಳಿಗದು ಕೇಳಿಸಿತೋ ಇಲ್ಲವೋ.

"ಮದುವ್ಯಾದ ವರ್ಷ ನಿಮ್ಮ ಮಾವಗ ಮೈ ತುಂಬ ಗುಳ್ಳಿ ಎದ್ದಿದ್ವು. ಉಷ್ಣಾ ಆಗೇತಿ ಅಂದ್ರು. ನಾ ದಿನಾ ಜೀರಿಗಿ ನೀರು ಮಾಡಿ ಕೊಟ್ಟೆ. ಆಮ್ಯಾಲ ಬೆಳಗಾವಿಗೆ ಬಂದು ಮಿಲ್ಟ್ರಿ ಕ್ಯಾಂಪಿನಾಗ ಒಬ್ಬ ಡಾಕ್ಟರ್ ಕಡೆ ಸೂಜಿ ಮಾಡಿಸ್ಕೊಂಡ್ರು. ಇದ ಪೆನ್ಸಿಲಿನ್. ಹೆಸರು ನೆನಪೈತಿ ನನಗ."

"ನಿನಗ ಹೆಂಗ ಗೊತ್ತು ಅತ್ತಿ?"

ಅತ್ತಿ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ತಾನೇ ಬಿಚ್ಚಿದಳು. ರೊಟ್ಟಿ ಮುರಿದಳು. ತಿನ್ನಲಿಲ್ಲ.

"ನಾನೂ ಸಂಗಾಟ ಬಂದಿದ್ನಲ್ಲೋ. ಹೊರಗ ಬಾಕಿನ ಮ್ಯಾಲ ಅವರ ಚೀಲಾ ಹಿಡಕೊಂಡು ಕುಂತಿದ್ನಿ. ನನ್ನೂ ಒಳಗ ಕರದು ಒಂದ ಸೂಜಿ ಚುಚ್ಚಿಸಿದ್ರ ಅವರ ಗಂಟೇನ ಹೋಗತಿತ್ತು?"